ಟಿ. ನಗರದಿಂದ ಬಂದರಿಗೆ ಹೋಗುವ ದಾರಿ

(ಟಿ. ನಗರದಲ್ಲಿ ನಮ್ಮ ಸಂಘದ ಸದಸ್ಯರೂ ಅವರ ಮನೆಯವರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಸುರುವಾಗುವುದರ ನಡುವೆ ನಮಗೆ ಸಿಕ್ಕುವುದು ಒಂದೂವರೆ ಗಂಟೆ. ಆ ಹೊತ್ತಿನಲ್ಲಿ ಬೆನ್ನು ಚಾಚಿ ಮಲಗಬೇಕಾದವರು ತಾವು. ಮಲಗದೆ ಇಲ್ಲಿ ಬಂದು ಕುಳಿತಿದ್ದೀರಿ. ಆದ್ದರಿಂದ ಉದ್ದದ ಮಾತು ಬೇಡ. ನಾವು ಏಳನೆಯ ಕ್ಲಾಸಿಗೇ ಪಾಟೀಚೀಲ ಮೂಲೆಗಿಟ್ಟು ಊರು ಬಿಟ್ಟವರು, ನಮಗೆ ಭಾಷಣದ ಅಭ್ಯಾಸವೂ ಅಷ್ಟಕ್ಕಷ್ಟೆ.

ವಿಷಯ ತಮಗೆಲ್ಲ ಗೊತ್ತು. ಸಂಘದ ಚೀಟಿಯಲ್ಲಿ ತಿಂಗಳು ತಿಂಗಳು ಕಟ್ಟಿದ ದುಡ್ಡಿನಿಂದ ಈ ಸಲವೂ ಒಂದು ತಂಡ ಹಡಗಿನ ಪ್ರಯಾಣಕ್ಕೆ ಹೊರಟಿದೆ. ಎರಡು ರಾತ್ರಿ ಸಮುದ್ರದ ಮೇಲೆ. ಬೇರೆಯವರ ಎಂಜಲು ತಟ್ಟೆ ಎತ್ತಿಯೇ ಆಯುಷ್ಯ ಕಳೆದವರು ಎರಡು ದಿನ ಮೇಜಿನ ಆಚೆ ಬದಿಗೆ ಕೂತು ತಿನ್ನುವ ಆಸೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹೋದ ಸಲ ಏನಾಯಿತು ಎಂಬುದನ್ನು ಬಚ್ಚಿಡದೆ ಹೇಳಬೇಕಾಗಿದೆ. ಏಕೆಂದರೆ ಹನ್ನೊಂದು ಸಂಸಾರ ಹೊರಟು, ಇಬ್ಬರು ಗಂಡಸರು ದಡದಲ್ಲೇ ಉಳಿದರು. ತಪ್ಪು ಹಡಗಿನವರದ್ದಲ್ಲ, ಬಂದರಿನವರದ್ದಲ್ಲ. ನಮ್ಮದು.

ಹೋದ ಸಲ ಹೊರಡುವ ಮುಂಚೆ ಒಂದು ಚರ್ಚೆ ನಡೆದಿತ್ತು. ಒಬ್ಬರು ಲೋಕಲ್ ರೈಲಿನಲ್ಲಿ ಹೋಗೋಣ ಎಂದರು. ಅದಕ್ಕೆ ಇನ್ನೊಬ್ಬರು, “ಹಡಗು ಹತ್ತುವವರು ಮಾಂಬಲಂ ಸ್ಟೇಷನ್ನಿನಲ್ಲಿ ನೂಕಾಡುತ್ತ ಹೋಗುವುದೇ? ಜೀವಮಾನದಲ್ಲಿ ಒಮ್ಮೆ, ಕಾರಿನಲ್ಲೇ ಹೋಗಿ ಇಳಿಯೋಣ ಮಾರಾಯ್ರೆ” ಎಂದರು. ಎಲ್ಲರಿಗೂ ಅದೇ ಸರಿ ಎನಿಸಿತು. ನಾವೂ ಕೈ ಎತ್ತಿದೆವು. ಎರಡು ಕಾರು, ಒಂದು ವ್ಯಾನು ಗೊತ್ತಾಯಿತು. ವ್ಯಾನು ಬಾಡಿಗೆಯದು. ಕಾರು ಒಂದು ನೆಂಟರದ್ದು, ಇನ್ನೊಂದನ್ನು ನಮ್ಮ ಇಡ್ಲಿ ಭಟ್ಟರೊಬ್ಬರು ಯಾರಿಂದಲೋ ಕೇಳಿ ತಂದು ತಾವೇ ನಡೆಸಿದರು.

ಹಡಗು ಹೊರಡುವುದು ಸಂಜೆ. ಆದರೆ ಒಳಗೆ ಬಿಡುವ ಬಾಗಿಲು ಅದಕ್ಕೆ ಎಷ್ಟೋ ಮೊದಲೇ ಮುಚ್ಚುತ್ತದೆ. ರೈಲು ಹಿಡಿಯುವಂತೆ ಕೊನೆಯ ಗಳಿಗೆಯಲ್ಲಿ ಓಡಿ ಹತ್ತುವ ವಸ್ತು ಅಲ್ಲ ಅದು. ವಿಮಾನದ ಹಾಗೆ ಚೀಟಿ ನೋಡಬೇಕು, ಗುರುತಿನ ಕಾರ್ಡು ನೋಡಬೇಕು, ಸಾಮಾನು ಯಂತ್ರದಲ್ಲಿ ಹಾಯಬೇಕು. ಆ ಹೊತ್ತು ಟಿಕೆಟ್ಟಿನ ಕಾಗದದ ಮೇಲೆ ಅಚ್ಚಾಗಿತ್ತು. ನಾವು ಓದಿದ್ದು ಹಡಗು ಹೊರಡುವ ಹೊತ್ತು ಮಾತ್ರ.

ಮಧ್ಯಾಹ್ನ ಇಲ್ಲಿಂದ ಬಿಟ್ಟೆವು. ಪನಗಲ್ ಪಾರ್ಕು ದಾಟುವುದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ಆಡಿ ತಿಂಗಳ ತಳ್ಳುಬಡಿ ನಡೆಯುವಾಗ ಟಿ. ನಗರ ಹೇಗಿರುತ್ತದೆಂದು ತಮಗೆ ಹೇಳಬೇಕೆ? ಜವಳಿ ಅಂಗಡಿಯ ಮುಂದೆ ನಿಂತ ಒಂದೊಂದು ಕಾರೂ ಹಿಂದಿನ ನೂರು ಗಾಡಿಗಳನ್ನು ಕಟ್ಟಿಹಾಕುತ್ತದೆ. ಅಣ್ಣಾ ಸಾಲೈ ಸೇರಿದ ಮೇಲೆ ಸ್ವಲ್ಪ ಓಡಿದೆವು. ಕೋಟೆ ದಾಟಿ ರಾಜಾಜಿ ಸಾಲೈಗೆ ಬಂದಾಗ ಬಂದರಿನ ಗೋಡೆ ಕಂಡಿತು, ಹಡಗೂ ಕಂಡಿತು, ಮಕ್ಕಳು ಕೂಗಿದರು. ಆದರೆ ಬಾಗಿಲು ಯಾವುದು? ಬಂದರಿಗೆ ಒಂದೇ ಬಾಗಿಲಲ್ಲ, ನಂಬರು ಹಾಕಿದ ಬಾಗಿಲುಗಳ ಸಾಲೇ ಇದೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಸಾಮಾನು ಹೊತ್ತು ನಡೆಯುವ ದೂರವಲ್ಲ. ಮೊದಲು ಕಂಡ ಬಾಗಿಲಿಗೆ ಹೋದೆವು. ಅದಲ್ಲ ಎಂದರು. ಅಲ್ಲಿ ಗಾಡಿ ನಿಲ್ಲಿಸುವಂತೆಯೂ ಇಲ್ಲ. ತಿರುಗಿಸಿಕೊಂಡು ಬರಬೇಕಾದರೆ ದೊಡ್ಡ ಸುತ್ತು.

ಕೊನೆಗೆ ಸರಿಯಾದ ಬಾಗಿಲಲ್ಲಿ ಹೆಂಗಸರು ಮಕ್ಕಳನ್ನು ಇಳಿಸಿ, ಭಟ್ಟರು “ಗಾಡಿ ಎಲ್ಲಾದರೂ ನಿಲ್ಲಿಸಿ ಬಂದೆ” ಎಂದು ಹೋದರು. ಆ ಎಲ್ಲಾದರೂ ಎಂಬ ಮಾತಿನಲ್ಲೇ ಇರುವುದು ಕಷ್ಟವೆಲ್ಲ. ಪ್ಯಾರಿಸ್ ಮೂಲೆಯ ಸುತ್ತ ಬೀದಿ ಬೀದಿ ತಿರುಗಿದರು. ಅಲ್ಲಿಯ ಬೀದಿಗಳಲ್ಲಿ ಕೈಗಾಡಿಗೇ ಜಾಗವಿಲ್ಲ. ದುಡ್ಡು ತೆಗೆದುಕೊಂಡು ನಿಲ್ಲಿಸಿಕೊಳ್ಳುವ ಒಂದು ಕಡೆ, “ಎರಡು ರಾತ್ರಿ ಇಟ್ಟುಕೊಳ್ಳಲಾಗದು, ರಾತ್ರಿಯೊಳಗೆ ತೆಗೆಯುವುದಾದರೆ ಬಿಡಿ” ಎಂದರು. ಇನ್ನೊಂದು ಕಡೆ ತುಂಬಿತ್ತು. ಅಷ್ಟರಲ್ಲಿ ಹೊತ್ತು ಮೀರಿತು. ಅವರ ಹೆಂಡತಿ ಒಳಗಿನಿಂದ ಫೋನು ಮಾಡಿ ಅಳುತ್ತಿದ್ದರು. ಭಟ್ಟರು ಹೇಳಿದ್ದು ಇಷ್ಟೆ: “ದುಡ್ಡು ವಾಪಸು ಬರುವುದಿಲ್ಲ. ಮಕ್ಕಳನ್ನು ಕರೆದುಕೊಂಡು ನೀನು ಹೋಗು.” ಅವರು ಹೋದರು. ಕಾರು ನಡೆಸಿದವರು ಕಾರಿನಿಂದಲೇ ಹಡಗು ತಪ್ಪಿಸಿಕೊಂಡರು.

ಎರಡನೆಯವರ ಕಥೆ ಆಮೇಲೆ ಹೇಳುತ್ತೇವೆ. ಅದು ಕಾರಿನ ಕಥೆಯಲ್ಲ, ಇನ್ನೂ ಕೆಟ್ಟದ್ದು.

ಈಗ ಬಂದರಿನ ವಿಷಯ ನಾಲ್ಕು ಮಾತು. ಮದರಾಸಿಗೆ ದೇವರು ಕೊಟ್ಟ ಬಂದರಿಲ್ಲ. ನಮ್ಮ ಮಂಗಳೂರಿನ ಹಾಗೆ ನದಿಯ ಅಳಿವೆಯಲ್ಲಿ ದೋಣಿ ನಿಲ್ಲುವ ಅನುಕೂಲ ಇಲ್ಲಿರಲಿಲ್ಲ. ನೇರ ಮರಳ ದಂಡೆ, ಎದುರಿಗೆ ಬಡಿಯುವ ಅಲೆ. ಹಡಗು ದೂರ ನಿಲ್ಲುವುದು, ಜನರನ್ನೂ ಸಾಮಾನನ್ನೂ ಹಗ್ಗದಿಂದ ಹೊಲಿದ ಮಸೂಲಾ ದೋಣಿಗಳಲ್ಲಿ ದಡಕ್ಕೆ ತರುವುದು, ಇದೇ ಪದ್ಧತಿ. ೧೮೬೧ರ ಹೊತ್ತಿಗೆ ಒಂದು ಕಬ್ಬಿಣದ ಕಟ್ಟೆ ಎದ್ದಿತು. ೧೮೭೫ರ ಸುಮಾರಿಗೆ ಸಮುದ್ರದೊಳಕ್ಕೆ ಎರಡು ತೋಳು ಚಾಚಿದಂತೆ ಗೋಡೆ ಕಟ್ಟಲು ಕೈಹಾಕಿದರು. ಮುಗಿಯುತ್ತ ಬಂದಿದ್ದ ಕೆಲಸವನ್ನು ೧೮೮೧ರ ಚಂಡಮಾರುತ ಹಾಳುಮಾಡಿತು. ಮತ್ತೆ ಕಟ್ಟಿದರು. ೧೯೦೪ರಿಂದ ೧೯೧೯ರ ತನಕ ಇದ್ದ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಎಂಬ ಇಂಜಿನಿಯರರ ಕಾಲದಲ್ಲಿ ಬಂದರು ಈಗಿನ ರೂಪಕ್ಕೆ ಬಂತು. ಇಂಜಿನಿಯರರ ಹೆಸರು ಪುಸ್ತಕದಲ್ಲಿದೆ, ಕಲ್ಲು ಹೊತ್ತವರದ್ದಿಲ್ಲ.

ಇದನ್ನು ಹೇಳಿದ್ದೇಕೆಂದರೆ, ಊರಿನ ಅತಿ ಹಳೆಯ, ಅತಿ ಇಕ್ಕಟ್ಟಿನ ಭಾಗದ ಎದೆಗೇ ಒತ್ತಿಕೊಂಡು ಈ ಬಂದರು ಇದೆ. ಒಂದು ಕಡೆ ಕೋಟೆ, ಹೈಕೋರ್ಟು, ಜಾರ್ಜ್ ಟೌನು. ಇನ್ನೊಂದು ಕಡೆ ನೀರು. ಮೋಟಾರು ನಿಲ್ಲಿಸಲು ಬಯಲು ಎಲ್ಲಿಂದ ಬರಬೇಕು? ಮಂಗಳೂರಿನ ಪಣಂಬೂರಿನ ಬಂದರು ೧೯೭೦ರ ದಶಕದ್ದು, ಊರಿನ ಹೊರಗೆ ಕಟ್ಟಿದ್ದು. ಅಲ್ಲಿ ವಿದೇಶದ ಹಡಗು ಬಂದರೆ ಬಸ್ಸು ಟ್ಯಾಕ್ಸಿ ಸಾಲಾಗಿ ನಿಲ್ಲುವಷ್ಟು ಎಡೆ ಇದೆ. ಇಲ್ಲಿಯದಕ್ಕೆ ಆ ಹೋಲಿಕೆ ಸಲ್ಲದು.

ಹಿಂದೆಯೂ ಇಲ್ಲಿಂದ ಜನ ಹಡಗು ಹತ್ತಿದ್ದಾರೆ, ವಿನೋದಕ್ಕಲ್ಲ, ಹೊಟ್ಟೆಗೆ. ರಂಗೂನಿಗೆ, ಪಿನಾಂಗಿಗೆ, ಸಿಂಗಾಪುರಕ್ಕೆ. ೧೯೨೬ರಲ್ಲಿ ಕಟ್ಟಿದ ‘ರಾಜುಲಾ’ ಎಂಬ ಹಡಗು ಸುಮಾರು ಐವತ್ತು ವರ್ಷ ಇಲ್ಲಿಂದ ಮಲಯಾಕ್ಕೆ ಕೂಲಿಗಳನ್ನೂ ಗುಮಾಸ್ತರನ್ನೂ ಒಯ್ದಿತು. ಅದರ ಮೇಲೆ ಬಂದ ‘ಚಿದಂಬರಂ’ ೧೯೮೫ರಲ್ಲಿ ಬೆಂಕಿಬಿದ್ದು ನಿಂತಿತು. ಬರ್ಮಾದಿಂದ ಬರಿಗೈಯಲ್ಲಿ ಹಡಗಿಳಿದು ಬಂದವರೇ ೧೯೬೯ರಲ್ಲಿ ಬಂದರಿನ ಎದುರಿಗೆ ಬರ್ಮಾ ಬಜಾರು ಹಾಕಿಕೊಂಡರು. ಅಂಡಮಾನಿಗೆ ಹೋಗುವ ಸರ್ಕಾರದ ಹಡಗು ಹತ್ತುವವರೂ ಹೆಚ್ಚಾಗಿ ನಮ್ಮಂಥವರೇ. ಹೆಚ್ಚುಕಡಿಮೆ ಮೂರು ದಿನದ ದಾರಿ ಅದು. ಅವರಾರೂ ಕಾರು ಎಲ್ಲಿ ನಿಲ್ಲಿಸುವುದೆಂದು ತಲೆ ಕೆಡಿಸಿಕೊಂಡವರಲ್ಲ.

ವಿನೋದದ ಹಡಗು ಈಚಿನದು. ೨೦೧೧ರಲ್ಲಿ ಹೈಕೋರ್ಟಿನ ಅಪ್ಪಣೆಯಂತೆ ಈ ಬಂದರಿನಲ್ಲಿ ಕಲ್ಲಿದ್ದಲು, ಕಬ್ಬಿಣದ ಅದಿರು ಇಳಿಸುವುದು ಏರಿಸುವುದು ನಿಂತಿತು. ಅಲ್ಲಿಯ ತನಕ ಆ ಕಪ್ಪು ಧೂಳು ಸುತ್ತಲ ಬಡವರ ಮನೆಯ ಅನ್ನದ ಮೇಲೆ ಬೀಳುತ್ತಿತ್ತು. ಪ್ರಯಾಣಿಕರಿಗಾಗಿ ೧೭.೨೧ ಕೋಟಿ ರೂಪಾಯಿಯಲ್ಲಿ ನಿಲ್ದಾಣದ ಕಟ್ಟಡವಾಯಿತು. ೨೦೨೨ರ ಜೂನಿನಲ್ಲಿ ಮುಖ್ಯಮಂತ್ರಿ ಸ್ಟಾಲಿನ್ ಅವರು ‘ಎಂಪ್ರೆಸ್’ ಹಡಗಿಗೆ ಬಾವುಟ ತೋರಿಸಿದರು. ಮರುವರ್ಷದ ಜೂನಿನಲ್ಲಿ ಅದು ಸಿಂಹಳಕ್ಕೂ ಹೋಯಿತು. ಜೂನಿನಲ್ಲೇ ಏಕೆ? ಕರಾವಳಿಯವರಿಗೆ ಕೇಳಿದರೆ ಹೇಳುತ್ತಾರೆ. ಮುಂಗಾರಿನಲ್ಲಿ ಅರಬ್ಬಿ ಸಮುದ್ರ ಕೆರಳುತ್ತದೆ, ಜೂನ್ ಜುಲೈಯಲ್ಲಿ ಮಲ್ಪೆಯ ಯಂತ್ರದ ದೋಣಿಗಳೇ ನೀರಿಗಿಳಿಯುವುದಿಲ್ಲ. ಆಗ ಮುಂಬಯಿಯ ಹಡಗಿಗೆ ಈ ಕಡೆಯ ಸಮುದ್ರ ಅನುಕೂಲ.

ಹಾಗಾದರೆ ಹೋಗುವುದು ಹೇಗೆ? ನಾವು ಈ ಸಲ ಮೂರು ದಿನ ರಜಾದ ಹೊತ್ತಿನಲ್ಲಿ ಒಂದೊಂದು ದಾರಿಯಲ್ಲೂ ಹೋಗಿ ನೋಡಿ ಬಂದೆವು.

ನಮ್ಮ ಅಭಿಪ್ರಾಯದಲ್ಲಿ ಒಳ್ಳೆಯ ದಾರಿ ನಾವು ಹೋದ ಸಲ ನಾಚಿಕೊಂಡ ಆ ಲೋಕಲ್ ರೈಲೇ. ಮಾಂಬಲಂ, ಕೋಡಂಬಾಕ್ಕಂ, ನುಂಗಂಬಾಕ್ಕಂ, ಚೇಟ್‌ಪಟ್, ಎಗ್ಮೋರ್, ಪಾರ್ಕ್, ಕೋಟೆ, ಬೀಚ್. ಸುಮಾರು ಅರ್ಧ ಗಂಟೆ. ಟಿಕೆಟ್ಟಿಗೆ ಒಂದು ಕಾಫಿಯ ದುಡ್ಡೂ ಬೇಡ. ಬೀಚ್ ಸ್ಟೇಷನ್ನಿನಿಂದ ಹೊರಗೆ ಬಂದರೆ ಎದುರಿಗೆ ರಾಜಾಜಿ ಸಾಲೈ, ಅದರಾಚೆ ಬಂದರಿನ ಗೋಡೆ. ಈ ದಾರಿಯಲ್ಲಿ ವಿದ್ಯುತ್ ರೈಲು ಓಡಲು ಸುರುವಾದದ್ದು ೧೯೩೧ರಲ್ಲಿ. ಟಿ. ನಗರವೂ ಆಗ ಹೊಸತು, ೧೯೨೦ರ ದಶಕದಲ್ಲಿ ಕೆರೆ ಬತ್ತಿಸಿ ಕಟ್ಟಿದ ಬಡಾವಣೆ. (ಮಳೆಗಾಲದಲ್ಲಿ ನಮ್ಮ ಅಡಿಗೆಮನೆಗೆ ನೀರು ಬಂದಾಗ ಯಜಮಾನರನ್ನು ಬಯ್ಯುತ್ತೇವೆ. ಕೆರೆಯ ನೆನಪು ಕೆರೆಗೆ ಇರುತ್ತದೆ, ಏನು ಮಾಡುವುದು.)

ಸಾಮಾನಿನ ಭಯ ಬೇಡ. ರಂಗನಾಥನ್ ಬೀದಿಯಲ್ಲಿ ಪೆಟ್ಟಿಗೆ ಎಳೆದುಕೊಂಡು ಹೋಗುವ ಕಾಲ ಮುಗಿಯಿತು. ೨೦೨೩ರ ಮೇ ತಿಂಗಳಿನಲ್ಲಿ ಟಿ. ನಗರ ಬಸ್ ನಿಲ್ದಾಣದಿಂದ ಮಾಂಬಲಂ ಸ್ಟೇಷನ್ನಿಗೆ ಸುಮಾರು ೫೭೦ ಮೀಟರು ಉದ್ದದ ಮೇಲುನಡಿಗೆಯ ಸೇತುವೆ ತೆರೆದರು. ಲಿಫ್ಟೂ ಇದೆ. ಬೆಳಿಗ್ಗೆ ಎಂಟರಿಂದ ಹತ್ತರ ತನಕ ಬೀಚ್ ಕಡೆಯ ರೈಲಿನಲ್ಲಿ ಉಸಿರಾಡಲೂ ಕಷ್ಟ, ಆಫೀಸಿನವರ ಹೊತ್ತು ಅದು. ಹನ್ನೊಂದರ ಮೇಲೆ ಹೋದರೆ ಕೂರಲು ಜಾಗ ಸಿಕ್ಕುತ್ತದೆ. ಹೆಂಗಸರ ಡಬ್ಬಿ ಬೇರೆಯೇ ಇದೆ. ಅಲ್ಲಿಗೆ ಹೋಗುವವರಿಗೆ ಎಲ್ಲಿ ಇಳಿಯಬೇಕೆಂದು ಮೊದಲೇ ಹೇಳಿ. ಬೀಚ್ ಕಡೆಯ ನಿಲ್ದಾಣವಾದ್ದರಿಂದ ತಪ್ಪಿಹೋಗುವ ಭಯವಂತೂ ಕಡಮೆ.

ವಯಸ್ಸಾದವರಿಗೆ, ಮೊಣಕಾಲು ನೋವಿನವರಿಗೆ ಮೆಟ್ರೋ ಒಳ್ಳೆಯದು. (ಮೂವತ್ತು ವರ್ಷ ನಿಂತೇ ದುಡಿದ ಮೇಲೆ ನಮ್ಮಲ್ಲಿ ಮೊಣಕಾಲು ನೆಟ್ಟಗಿರುವವರು ಯಾರಿದ್ದಾರೆ?) ತೇನಾಂಪೇಟೆಗೋ ನಂದನಕ್ಕೋ ಆಟೋದಲ್ಲಿ ಹೋಗಿ, ಅಲ್ಲಿ ಹತ್ತಿ ಹೈಕೋರ್ಟು ನಿಲ್ದಾಣದಲ್ಲಿ ಇಳಿಯತಕ್ಕದ್ದು. ನಡುವೆ ಬದಲಾಯಿಸುವುದಿಲ್ಲ. ೨೦೧೯ರ ಫೆಬ್ರವರಿಯಿಂದ ಈ ಸುರಂಗದ ದಾರಿ ಪೂರ್ತಿ ಓಡುತ್ತಿದೆ. ಮೇಲೆ ಬಂದರೆ ಪ್ಯಾರಿಸ್ ಮೂಲೆ, ಅಲ್ಲಿಂದ ಬಂದರಿನ ಬಾಗಿಲಿಗೆ ಮತ್ತೊಂದು ಸಣ್ಣ ಆಟೋ. ರೈಲಿಗಿಂತ ದುಡ್ಡು ಹೆಚ್ಚು, ಆದರೆ ತಂಪು, ಬೆವರಿಲ್ಲ.

ಬಸ್ಸಿನಲ್ಲೂ ಪ್ಯಾರಿಸಿಗೆ ಹೋಗಬಹುದು. ಸಾಮಾನ್ಯ ದರದ ಬಸ್ಸಿನಲ್ಲಿ ೨೦೨೧ರ ಮೇ ತಿಂಗಳಿಂದ ಹೆಂಗಸರಿಗೆ ಟಿಕೆಟ್ಟಿಲ್ಲ. ಆದರೆ ಅಣ್ಣಾ ಸಾಲೈ ಕಟ್ಟಿಕೊಂಡರೆ ಬಸ್ಸೂ ಕಾರಿನಷ್ಟೇ ನಿಲ್ಲುತ್ತದೆ. ಹಡಗಿನ ದಿನಕ್ಕೆ ನಾವು ಅದನ್ನು ಹೇಳುವುದಿಲ್ಲ. ಸುಮ್ಮನೆ ಬಾಗಿಲು ನೋಡಿಕೊಂಡು ಬರಲು ಹೋಗುವವರು ಹೋಗಿ.

ಆಟೋ, ಫೋನಿನಲ್ಲಿ ಕರೆಯುವ ಟ್ಯಾಕ್ಸಿ, ಇವು ಬೇಕಾದವರು ಹೋಗಲಿ. ಬಾಗಿಲಲ್ಲಿ ಇಳಿಸಿ ಅವರು ಹೊರಟುಹೋಗುತ್ತಾರೆ, ನಿಲ್ಲಿಸುವ ತಾಪತ್ರಯವಿಲ್ಲ. ಆಟೋದವರ ಸಂಗಡ ಜಗಳ ಮಾತ್ರ ಬೇಡ. ಸರ್ಕಾರ ೨೦೧೩ರಲ್ಲಿ ಮೊದಲ ೧.೮ ಕಿಲೋಮೀಟರಿಗೆ ೨೫ ರೂಪಾಯಿ ಎಂದು ಗೊತ್ತುಮಾಡಿ, ಆಮೇಲೆ ಎಣ್ಣೆಯ ಬೆಲೆ ಏರುತ್ತ ಹೋದರೂ ವರ್ಷಗಟ್ಟಲೆ ಆ ದರ ಮುಟ್ಟಲಿಲ್ಲ. ಅವರೂ ದುಡಿಯುವವರೇ. ಹತ್ತುವ ಮುಂಚೆ ಬಾಯಲ್ಲಿ ಗೊತ್ತುಮಾಡಿಕೊಂಡರೆ ಸಾಕು.

ಇಷ್ಟಾದ ಮೇಲೂ ಸ್ವಂತ ಗಾಡಿಯೇ ಬೇಕೆನ್ನುವವರು ಒಂದು ಲೆಕ್ಕ ಹಾಕಿ. ಗಂಟೆಗೆ ಇಪ್ಪತ್ತು ರೂಪಾಯಿಯೆಂದೇ ಹಿಡಿಯಿರಿ. ಎರಡು ರಾತ್ರಿ, ಹತ್ತಿರ ಹತ್ತಿರ ನಲವತ್ತೆಂಟು ಗಂಟೆ. ಒಂಬೈನೂರ ಅರುವತ್ತು ರೂಪಾಯಿ, ಅದೂ ರಾತ್ರಿ ಇಟ್ಟುಕೊಳ್ಳಲು ಒಪ್ಪಿದರೆ. ಬಂದರಿನ ಒಳಗೆ ನಿಲ್ಲಿಸುತ್ತೇವೆ ಎಂಬ ಮಾತು ಬೇಡ. ಕೇಂದ್ರ ಕೈಗಾರಿಕಾ ಭದ್ರತಾ ಪಡೆಯವರ ಕಾವಲಿದೆ, ಪರವಾನಗಿ ಇಲ್ಲದ ಗಾಡಿ ಒಳಗೆ ಹೋಗದು. ರೈಲ್ವೆ ಸ್ಟೇಷನ್ನಿನ ಗಾಡಿ ನಿಲ್ದಾಣದಲ್ಲಿ ಇಡುವುದಾದರೆ ಹಿಂದಿನ ದಿನವೇ ಹೋಗಿ, ಎರಡು ರಾತ್ರಿಗೆ ಚೀಟಿ ಕೊಡುತ್ತಾರೆಯೇ ಎಂದು ಕೇಳಿ, ಹೌದೆಂದರೆ ಮಾತ್ರ ನಂಬತಕ್ಕದ್ದು. ಮನೆಯ ಬಾಗಿಲಲ್ಲಿ ಬಿಟ್ಟ ಗಾಡಿಗೆ ಬಾಡಿಗೆಯಿಲ್ಲ, ಚಿಂತೆಯೂ ಇಲ್ಲ.

ಗಾಡಿ ನಿಲ್ಲಿಸುವ ವಿಷಯ ನಮ್ಮ ಕಸುಬಿಗೆ ಹೊಸದಲ್ಲ. ಕ್ಯಾಥೆಡ್ರಲ್ ರಸ್ತೆಯಲ್ಲಿ ೧೯೬೨ರಿಂದ ೨೦೦೮ರ ತನಕ ಉಡ್ಲ್ಯಾಂಡ್ಸ್ ಡ್ರೈವ್-ಇನ್ ಎಂಬ ಹೋಟೆಲಿತ್ತು. ಮರದ ನೆರಳಲ್ಲಿ ಕಾರು ನಿಲ್ಲಿಸಿ ಒಳಗೆ ಕೂತವರಿಗೆ ನಮ್ಮ ಮಾಣಿಗಳು ಟ್ರೇಯಲ್ಲಿ ದೋಸೆ ಕಾಫಿ ಒಯ್ದು ಕೊಡುತ್ತಿದ್ದರು. ಈಗ ಆ ಜಾಗ ಸರ್ಕಾರದ ತೋಟ. ಅಷ್ಟು ಜಾಗವನ್ನು ನಿಂತ ಕಾರುಗಳಿಗೆ ಕೊಡುವ ಕಾಲ ಈ ಊರಿನಲ್ಲಿ ಮುಗಿದುಹೋಯಿತು.

ರಸ್ತೆಯಲ್ಲಿ ಹೋಗುವವರು ಇನ್ನೊಂದು ವಿಷಯ ನೆನಪಿಡಬೇಕು. ಆಗಸ್ಟ್ ೧೫ಕ್ಕೆ ಕೋಟೆಯಲ್ಲಿ ಮುಖ್ಯಮಂತ್ರಿಗಳು ಬಾವುಟ ಏರಿಸುತ್ತಾರೆ. ಆ ದಿನವೂ, ಅದರ ಮುಂಚಿನ ತಾಲೀಮಿನ ದಿನಗಳಲ್ಲೂ, ನೇಪಿಯರ್ ಸೇತುವೆಯಿಂದ ಆಚೆಗೆ ರಾಜಾಜಿ ಸಾಲೈಯಲ್ಲಿ ಗಾಡಿಗಳನ್ನು ಬೇರೆ ದಾರಿಗೆ ತಿರುಗಿಸುತ್ತಾರೆ. ನಮ್ಮ ಹಡಗು ಆಗಸ್ಟಿನದು. ದಿನಾಂಕ ನೋಡಿಕೊಳ್ಳಿ. ಉತ್ತರದ ಕಡೆ ರಾಯಪುರ, ಕಾಸಿಮೇಡಿನ ದಿಕ್ಕಿನಿಂದ ಬರುವ ಯೋಚನೆಯೇ ಬೇಡ. ಅದು ಪೆಟ್ಟಿಗೆ ಲಾರಿಗಳ ದಾರಿ. ಲಾರಿಗಳಿಗೆಂದು ಮದುರವಾಯಲಿನಿಂದ ಬಂದರಿಗೆ ಮೇಲುರಸ್ತೆ ಕಟ್ಟಲು ೨೦೦೯ರಲ್ಲಿ ಕಲ್ಲು ಹಾಕಿದರು, ೨೦೧೨ರಲ್ಲಿ ಕೆಲಸ ನಿಂತಿತು, ೨೦೨೨ರಲ್ಲಿ ಮತ್ತೆ ಕಲ್ಲು ಹಾಕಿದರು. ಅಷ್ಟು ವರ್ಷವೂ ಸಾಲಿನಲ್ಲಿ ಕಾದು, ಚಕ್ರದ ಪಕ್ಕದಲ್ಲೇ ಬೇಯಿಸಿ ಉಂಡವರು ಆ ಡ್ರೈವರುಗಳು.

ವಾಪಸು ಬರುವಾಗ ಹಡಗು ಬೆಳಿಗ್ಗೆ ಸೇರುತ್ತದೆ. ಸಾವಿರಾರು ಜನ ಒಟ್ಟಿಗೆ ಹೊರಗೆ ಬಂದು ಒಟ್ಟಿಗೇ ಟ್ಯಾಕ್ಸಿ ಕರೆಯುತ್ತಾರೆ. ಬೆಲೆ ಏರದೆ ಇರುತ್ತದೆಯೆ? ತಾವು ಬೀಚ್ ಸ್ಟೇಷನ್ನಿಗೆ ಬನ್ನಿ. ತಾಂಬರಂ ಕಡೆಯ ರೈಲು ಹೆಚ್ಚಾಗಿ ಅಲ್ಲಿಂದಲೇ ಹೊರಡುವುದರಿಂದ ಖಾಲಿ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಕೂತು ಮಾಂಬಲಂಗೆ ಬರಬಹುದು. ಹೋದ ಸಲ ಭಟ್ಟರ ಹೆಂಡತಿ ಮಕ್ಕಳು ಬಂದದ್ದು ಹಾಗೆಯೇ. ಕರೆದುಕೊಂಡು ಬರಲು ಭಟ್ಟರೂ ರೈಲಿನಲ್ಲೇ ಹೋಗಿದ್ದರು.

ಈಗ ಎರಡನೆಯವರ ವಿಷಯ. ಅವರು ಇಲ್ಲೇ ಕೂತಿದ್ದಾರೆ, ಹೇಳಲು ಒಪ್ಪಿಗೆ ಕೊಟ್ಟಿದ್ದಾರೆ. ಕುಂದಾಪುರದ ಕಡೆಯವರು, ಹನ್ನೆರಡನೆಯ ವಯಸ್ಸಿನಲ್ಲಿ ಬಂದು ಲೋಟ ತೊಳೆಯಲು ನಿಂತವರು. ಮೊದಲ ದಿನವೇ ಗಲ್ಲಾದಲ್ಲಿ ಕೂತವರು, “ಈ ಹೆಸರಿನವರು ಆಗಲೇ ಇಬ್ಬರಿದ್ದಾರೆ, ನಿನ್ನನ್ನು ರಾಜು ಎನ್ನುತ್ತೇವೆ” ಎಂದರಂತೆ. ಅಂದಿನಿಂದ ರಾಜು. ಮೂವತ್ತು ವರ್ಷ ರಾಜು. ಹೋಟೆಲಿನಲ್ಲಿ ರಾಜು, ಬೀದಿಯಲ್ಲಿ ರಾಜು, ನಮ್ಮ ಸಂಘದ ಪುಸ್ತಕದಲ್ಲೂ ರಾಜು. ಟಿಕೆಟ್ಟಿಗೆ ಹೆಸರು ಬರೆದು ಕೊಟ್ಟವರು ನಾವು. ನಾವೂ ರಾಜಣ್ಣ ಎಂದೇ ಕರೆಯುತ್ತಿದ್ದವರು, ಪುಸ್ತಕ ನೋಡಿ ಹಾಗೆಯೇ ಬರೆದೆವು. ಬಾಗಿಲಲ್ಲಿ ಆಧಾರ್ ಕಾರ್ಡು ತೋರಿಸಿದರೆ ಅದರಲ್ಲಿ ಅವರ ತಾಯಿ ತಂದೆ ಇಟ್ಟ ಹೆಸರು. ಎರಡಕ್ಕೂ ಒಂದಕ್ಷರದ ಸಂಬಂಧವಿಲ್ಲ. “ಇವರೇ ಅವರು” ಎಂದು ನಾವು ಹತ್ತು ಜನ ಹೇಳಿದೆವು. ಕಾವಲಿನವರು ಒರಟಾಗಿ ಮಾತಾಡಲಿಲ್ಲ. ಆದರೆ ಹತ್ತು ಜನರ ಮಾತಿನ ಮೇಲೆ ಯಾರನ್ನೂ ಹಡಗಿಗೆ ಬಿಡುವಂತಿಲ್ಲ, ಅದು ಸರಿಯೇ.

ಅವರೂ ಭಟ್ಟರೂ ಬರ್ಮಾ ಬಜಾರಿನ ಹತ್ತಿರ ಚಾ ಕುಡಿಯುತ್ತ ಕೂತು, ಹಡಗು ಹೊರಟದ್ದನ್ನು ಗೋಡೆಯ ಮೇಲಿನಿಂದ ನೋಡಿದರಂತೆ. ರಾಜಣ್ಣ ಆಗ ಏನೂ ಹೇಳಲಿಲ್ಲ. ವಾರದ ಮೇಲೆ ಸಂಘಕ್ಕೆ ಬಂದು, “ಪುಸ್ತಕದಲ್ಲಿ ನನ್ನ ಹೆಸರು ತಿದ್ದಿ ಬರೆಯಿರಿ” ಎಂದು ಕೇಳಿದರು. ನಮಗೆ ತಲೆ ಎತ್ತಲಾಗಲಿಲ್ಲ. ಸಂಘದ ಪುಸ್ತಕ ಪೂರ್ತಿ ತಿರುವಿದಾಗ ಇಂಥ ಹೋಟೆಲು ಹೆಸರುಗಳು ಇನ್ನೂ ಹದಿನಾಲ್ಕು ಸಿಕ್ಕಿದವು. ಎಲ್ಲವನ್ನೂ ತಿದ್ದಿದ್ದೇವೆ. ಈ ಸಲ ಅವರ ಟಿಕೆಟ್ಟು ಸರಿಯಾದ ಹೆಸರಿನಲ್ಲಿದೆ, ಅದರ ದುಡ್ಡನ್ನು ಸಂಘ ಹಾಕಿದೆ. ಸಭೆಯಲ್ಲಿ ಯಾರಿಗಾದರೂ ಆಕ್ಷೇಪವಿದ್ದರೆ ಹೇಳಬಹುದು.

ರಜಾದ ಮಾತು ಒಂದು ಉಳಿಯಿತು. ಪ್ರಯಾಣಕ್ಕೆ ಮೂರು ದಿನ ಬೇಕು. ಹೋಟೆಲು ಕೆಲಸಗಾರರಿಗೆಂದು ೧೯೫೮ರಲ್ಲಿ ಈ ರಾಜ್ಯದಲ್ಲಿ ಆದ ಕಾಯಿದೆಯ ಪ್ರಕಾರ ವಾರಕ್ಕೊಂದು ರಜಾ ನಮ್ಮ ಹಕ್ಕು, ಯಜಮಾನರ ದಯೆಯಲ್ಲ. ಉಳಿದ ಎರಡು ದಿನಕ್ಕೆ ಈಗಲೇ ಕಾಗದ ಬರೆದು ಕೊಟ್ಟು, ತಲುಪಿತು ಎಂದು ರುಜು ಹಾಕಿಸಿಕೊಳ್ಳಿ. ಬಾಯಿಮಾತಿನ ರಜಾ ಹಬ್ಬದ ಗಿರಾಕಿ ಬಂದಕೂಡಲೇ ಮರೆತುಹೋಗುತ್ತದೆ. ಬರೆಯಲು ಬಾರದವರಿಗೆ ಬರೆದುಕೊಡಲು ನಾವಿದ್ದೇವೆ.

ತಂಡದವರೆಲ್ಲ ಆ ದಿನ ಹನ್ನೊಂದು ಗಂಟೆಗೆ ಸರಿಯಾಗಿ ಬಸ್ ನಿಲ್ದಾಣದ ಕಡೆಯ ಮೇಲುಸೇತುವೆಯ ಬುಡದಲ್ಲಿ ಸೇರತಕ್ಕದ್ದು. ಬಾಗಿಲಿನ ನಂಬರು ಟಿಕೆಟ್ಟಿನ ಕಾಗದದ ಮೇಲಿದೆ. ಹಿಂದಿನ ಭಾನುವಾರ ಇಬ್ಬರು ಹೋಗಿ ಆ ಬಾಗಿಲನ್ನು ಕಣ್ಣಾರೆ ನೋಡಿ ಬರುತ್ತಾರೆ. ಮೊಣಕಾಲಿನವರು ನಾಲ್ವರು ಮೆಟ್ರೋದಲ್ಲಿ, ಅವರ ಜೊತೆಗೆ ಒಬ್ಬ ಹುಡುಗ. ಭಟ್ಟರು ಈ ಸಲ ಯಾವ ಗಾಡಿಯನ್ನೂ ಮುಟ್ಟುವುದಿಲ್ಲವೆಂದು ಅವರ ಹೆಂಡತಿಯವರೇ ನಮಗೆ ಮಾತು ಕೊಟ್ಟಿದ್ದಾರೆ.

ನಾಲ್ಕೂವರೆ ಆಗುತ್ತ ಬಂತು, ಬೋಂಡದ ಎಣ್ಣೆ ಇಡುವವರು ಏಳಬೇಕು. ಆಧಾರ್ ಕಾರ್ಡು ತಂದವರು ಮಾತ್ರ ಎರಡು ನಿಮಿಷ ನಿಂತು ಮುಂದೆ ಬನ್ನಿ, ಟಿಕೆಟ್ಟಿನ ಹೆಸರಿನೊಡನೆ ಅಕ್ಷರಕ್ಕೆ ಅಕ್ಷರ ತಾಳೆ ನೋಡೋಣ.